ಗುಂಡನ ಊಟ: ಮರಿ ರಾಯಲ್ ಪೈಥಾನ್‌ಗೆ ಏನು, ಎಷ್ಟು, ಯಾವಾಗ

ಭಾನುವಾರ ಸಂಜೆ ಏಳಾಯಿತೆಂದರೆ ನಮ್ಮ ಮನೆಯಲ್ಲಿ ಒಂದು ಹಳೆಯ ಸ್ಟೀಲ್ ಡಬ್ಬಿ ಹೊರಬರುತ್ತದೆ. ಮುಚ್ಚಳದ ಮೇಲೆ ಮಗಳು ಮಾರ್ಕರ್‌ನಲ್ಲಿ ‘ಗುಂಡನದು’ ಎಂದು ಬರೆದಿದ್ದಾಳೆ. ಅಡುಗೆಯ ಯಾವ ಕೆಲಸಕ್ಕೂ ಅದನ್ನು ಮುಟ್ಟುವುದಿಲ್ಲ. ಹಿಂದಿನ ರಾತ್ರಿಯಿಂದ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಕರಗುತ್ತಿದ್ದ ಇಲಿಮರಿಯನ್ನು ಜಿಪ್ ಕವರಿನ ಸಮೇತ ಅದರಲ್ಲಿಟ್ಟು, ಕೈ ಅದ್ದಿದರೆ ಹಿತವಾಗಿ ಸುಡುವಷ್ಟು ಬಿಸಿ ನೀರು ಹಾಕುತ್ತೇವೆ. ಹೊತ್ತಿಗೆ ಸರಿಯಾಗಿ ನಮ್ಮೂರು ಸಾಗರದಿಂದ ಅಮ್ಮನ ಫೋನು ಬಂದರೆ ಮೊದಲ ಪ್ರಶ್ನೆಯೇ, “ಗುಂಡ ಉಂಡನೇನೇ?”

ಗುಂಡ ನಮ್ಮ ಮಗಳ ಹಾವು, ರಾಯಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿಯದು. ನಾವಿರುವ ಇಂಗ್ಲೆಂಡಿನಲ್ಲಿ ಈ ಹೆಸರೇ ಬಳಕೆಯಲ್ಲಿದೆ. ಅಮೆರಿಕದವರು ಬಾಲ್ ಪೈಥಾನ್ ಎನ್ನುತ್ತಾರೆ, ಏಕೆಂದರೆ ಹೆದರಿದಾಗ ಇದು ತಲೆಯನ್ನು ನಡುವೆ ಬಚ್ಚಿಟ್ಟು ಮೈಯನ್ನೆಲ್ಲ ಉಂಡೆ ಕಟ್ಟಿಕೊಳ್ಳುತ್ತದೆ. ಆ ಉಂಡೆ ನೋಡಿಯೇ ಮಗಳು ಗುಂಡ ಎಂದು ಕರೆದದ್ದು. ಮನೆಗೆ ಬಂದಾಗ ಅವನ ತೂಕ 112 ಗ್ರಾಂ.

ವಾರಕ್ಕೊಂದೇ ಊಟ ಎಂದು ಕೇಳಿ ಅಮ್ಮ ನೊಂದುಕೊಂಡಿದ್ದರು. “ಮಗು ಕಣೇ ಅದು, ಎರಡು ಹೊತ್ತಾದರೂ ಹಾಕಬಾರದಾ?” ಆ ಕಳಕಳಿ ನನಗೆ ಅರ್ಥವಾಗುತ್ತದೆ. ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎಂದೇ ಮಾತಾಡಿಸುವವರು ನಾವು. ಬಡಿಸುವುದೆಂದರೆ ಪ್ರೀತಿ, ಇನ್ನೊಂದು ತುತ್ತು ಎಂದು ಒತ್ತಾಯಿಸುವುದು ಇನ್ನೂ ಹೆಚ್ಚಿನ ಪ್ರೀತಿ. ಈ ಸ್ವಭಾವವನ್ನು ಹಾವಿನ ಗೂಡಿನ ಬಾಗಿಲಲ್ಲಿ ಬಿಟ್ಟು ಹೋಗಬೇಕಾಯಿತು. ಮರಿ ಹೆಬ್ಬಾವಿನ ಊಟದಲ್ಲಿ ಇಲಿಯ ಪಾಲು ಸಣ್ಣದು. ಅದಕ್ಕೆ ನಾವು ಒದಗಿಸುವ ಶಾಖ, ಮರೆ ಮತ್ತು ನಮ್ಮ ತಾಳ್ಮೆಯ ಪಾಲೇ ದೊಡ್ಡದು. ಇದನ್ನು ತಿಳಿಯಲು ನಮಗೆ ಕೆಲವು ತಿಂಗಳು ಹಿಡಿದವು.

ಈ ಹಾವಿನ ತವರು ಆಫ್ರಿಕಾ. ಪಶ್ಚಿಮದ ಸೆನೆಗಲ್‌ನಿಂದ ಘಾನಾ, ಟೋಗೊ, ಬೆನಿನ್ ದಾಟಿ ಪೂರ್ವಕ್ಕೆ ಉಗಾಂಡದ ತನಕ ಹಬ್ಬಿರುವ ಹುಲ್ಲುಗಾವಲು, ಕುರುಚಲು ಕಾಡು. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಇವುಗಳಿಗೊಂದು ಗುಡಿಯೇ ಇದೆ. ಅಲ್ಲಿ ಇವು ಪೂಜೆಗೆ ಸಲ್ಲುತ್ತವೆ, ಕೊಲ್ಲುವಂತಿಲ್ಲ. ನಾಗಬನಗಳ ನಾಡಿನಿಂದ ಬಂದ ನಮಗೆ ಇದು ಪರಕೀಯ ಎನ್ನಿಸಲಿಲ್ಲ. ಹಗಲೆಲ್ಲ ಇಲಿಬಿಲದಲ್ಲೋ ಹುತ್ತದಲ್ಲೋ ಮಲಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುವುದು ಇದರ ಕ್ರಮ. ನೈಜೀರಿಯದಲ್ಲಿ ನಡೆದ ಅಧ್ಯಯನವೊಂದು 70 ಸೆಂಟಿಮೀಟರಿಗಿಂತ ಚಿಕ್ಕ ಹಾವುಗಳು ಹೆಚ್ಚಾಗಿ ಸಣ್ಣ ಹಕ್ಕಿಗಳನ್ನೂ, ಒಂದು ಮೀಟರು ದಾಟಿದವು ಇಲಿ ಜಾತಿಯನ್ನೂ ತಿನ್ನುವುದನ್ನು ಕಂಡಿತು. ನಾವು ಸಾಕಿದ ಮರಿಗೆ ಮೊದಲ ದಿನದಿಂದಲೂ ಇಲಿಯನ್ನೇ ಕೊಡುತ್ತೇವೆ. ಅದು ಕೆಲವು ಮರಿಗಳಿಗೆ ತಕ್ಷಣ ಆಹಾರವೆಂದು ಹೊಳೆಯದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಮೊಟ್ಟೆಯೊಡೆದು ಬಂದ ಮರಿ ತಕ್ಷಣ ಏನೂ ತಿನ್ನುವುದಿಲ್ಲ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಅದಕ್ಕೆ ಬುತ್ತಿ. ಒಂದೆರಡು ವಾರದಲ್ಲಿ ಮೊದಲ ಪೊರೆ ಬಿಟ್ಟ ಮೇಲೆ ಹಸಿವು ಕಾಣಿಸುತ್ತದೆ. ಮರಿ ಮಾಡಿಸಿ ಮಾರುವವರು ಮೂರ್ನಾಲ್ಕು ಊಟ ಸರಿಯಾಗಿ ಮುಗಿಸಿದ ಮರಿಯನ್ನೇ ಮಾರಬೇಕು. ಕೊಳ್ಳುವವರು ಅದರ ಬಣ್ಣದ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಕೇಳಬೇಕಾದದ್ದು ಇದು ಈವರೆಗೆ ಏನು ತಿಂದಿದೆ, ಕಡೆಯ ಊಟ ಯಾವಾಗ, ಜೀವಂತ ಇಲಿಯೋ ಕರಗಿಸಿದ್ದೋ ಎಂಬುದನ್ನು. ನಮ್ಮ ಅಂಗಡಿಯವರು ಒಂದು ಚೀಟಿ ಕೊಟ್ಟರು. ಅದರಲ್ಲಿದ್ದ ನಾಲ್ಕು ತಾರೀಖುಗಳು ಮುಂದೆ ಬಹಳ ಉಪಯೋಗಕ್ಕೆ ಬಂದವು.

ಮನೆಗೆ ತಂದ ಮೂರನೆಯ ದಿನವೇ ನಾವು ಊಟ ಇಟ್ಟೆವು. ಅದು ತಪ್ಪು. ಗುಂಡ ಉಂಡೆ ಕಟ್ಟಿಕೊಂಡು ತಲೆ ಎತ್ತಲಿಲ್ಲ. ಹೊಸ ಜಾಗದ ವಾಸನೆ, ಕಾರಿನ ಕುಲುಕಾಟ, ಮೇಲಿಂದ ಇಣುಕುವ ಮುಖಗಳು ಎಲ್ಲವೂ ಅದಕ್ಕೆ ಅಪಾಯವೇ. ಹೆದರಿದ ಹಾವಿಗೆ ತಿನ್ನುವುದಕ್ಕಿಂತ ಅಡಗುವುದು ಮುಖ್ಯ. ಹೊಟ್ಟೆ ತುಂಬಿದ ಹಾವು ಓಡಲಾರದು ಎಂಬುದನ್ನು ಅದರ ಮೈ ಬಲ್ಲದು. ಕನಿಷ್ಠ ಒಂದು ವಾರ ಮುಟ್ಟದೆ, ಎತ್ತದೆ, ನೀರು ಬದಲಿಸುವುದಷ್ಟೇ ಮಾಡಿ ಬಿಟ್ಟರೆ ಅದು ನೆಲೆಗೊಳ್ಳುತ್ತದೆ. ಹಾವಿರುವ ಗಾಜಿನ ಡಬ್ಬದೊಳಗೆ ಮೈ ಒತ್ತಿಕೊಂಡು ಕೂರಲು ಸಾಕಾಗುವ ಇಕ್ಕಟ್ಟಾದ ಎರಡು ಗೂಡು ಬೇಕು, ಬಿಸಿ ಬದಿಗೊಂದು, ತಂಪು ಬದಿಗೊಂದು. ಒಂದೇ ಇಟ್ಟರೆ ಶಾಖ ಬೇಕೋ ಮರೆ ಬೇಕೋ ಎಂದು ಹಾವು ಆಯ್ದುಕೊಳ್ಳಬೇಕಾಗುತ್ತದೆ, ಆಗ ಅದು ಮರೆಯನ್ನೇ ಆಯ್ದುಕೊಂಡು ತಣ್ಣಗೆ ಉಪವಾಸ ಕೂರುತ್ತದೆ.

ಇನ್ನು ಶಾಖ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಹಾವಿನ ಮೈ ಹೊರಗಿನಿಂದ ಪಡೆಯುತ್ತದೆ. ಹೊಟ್ಟೆಯೊಳಗಿನ ಆಮ್ಲವಾಗಲಿ ಕಿಣ್ವಗಳಾಗಲಿ ಕೆಲಸ ಮಾಡುವುದು ಮೈ ಬೆಚ್ಚಗಿದ್ದಾಗ. ತಣ್ಣಗಿದ್ದರೆ ನುಂಗಿದ ಇಲಿ ಅರಗುವ ಮೊದಲೇ ಕೊಳೆಯತೊಡಗುತ್ತದೆ, ಹಾವು ಅದನ್ನು ಹೊರಹಾಕುತ್ತದೆ. ಡಬ್ಬದ ಬಿಸಿ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರ ಆಸುಪಾಸು ಇರಬೇಕು. ಹೀಟ್ ಮ್ಯಾಟ್ ಇರಲಿ, ದೀಪವಿರಲಿ, ಥರ್ಮೋಸ್ಟಾಟ್ ಇಲ್ಲದೆ ಹಚ್ಚಲೇಬಾರದು. ಹಾವು ಸುಡುವ ನೆಲದ ಮೇಲೂ ಸುಮ್ಮನೆ ಮಲಗಿ ಹೊಟ್ಟೆ ಸುಟ್ಟುಕೊಂಡೀತು. ಡಬ್ಬದ ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರು ಗಾಳಿಯ ಬಿಸಿ ತೋರಿಸುತ್ತದೆ, ಹಾವು ಮಲಗುವ ನೆಲದ್ದಲ್ಲ. ತುದಿಯಲ್ಲಿ ತಂತಿಯಿರುವ ಡಿಜಿಟಲ್ ಥರ್ಮಾಮೀಟರನ್ನು ಗೂಡಿನೊಳಗೇ ಇಟ್ಟು ನೋಡಬೇಕು. ನಮ್ಮಲ್ಲಿ ಗೋಡೆಯ ಮೇಲಿನದು 30 ಎನ್ನುತ್ತಿದ್ದಾಗ ಗೂಡಿನ ನೆಲ 26ರಲ್ಲಿತ್ತು. ಗುಂಡನ ಎರಡನೆಯ ಮುನಿಸಿನ ಕಾರಣ ಅದೇ. ಅದನ್ನು ಸರಿಪಡಿಸಿದ ಐದನೆಯ ದಿನ ಅವನು ಮೊದಲ ಬಾರಿ ನಮ್ಮ ಕೈಯಿಂದ ಉಂಡ. ಗಾಳಿಯಲ್ಲಿ ತೇವವೂ ಶೇಕಡಾ 60ರ ಹತ್ತಿರವಿದ್ದರೆ ಒಳ್ಳೆಯದು. ಪೊರೆ ಸರಿಯಾಗಿ ಕಳಚುತ್ತದೆ.

ಉಂಡು ಮಲಗಿದವರನ್ನು ನಮ್ಮ ಕಡೆ ಹೆಬ್ಬಾವಿನ ಹಾಗೆ ಬಿದ್ದಿದ್ದಾನೆ ಎನ್ನುತ್ತಾರೆ. ಆ ಮಾತು ಹೆಬ್ಬಾವಿಗೆ ಮಾಡುವ ಅನ್ಯಾಯ ಎಂದು ಈಗ ನನಗನ್ನಿಸುತ್ತದೆ. ಊಟವಿಲ್ಲದಾಗ ಹೆಬ್ಬಾವು ತನ್ನ ಕರುಳನ್ನು ಕುಗ್ಗಿಸಿಕೊಂಡು, ಜೀರ್ಣಾಂಗಗಳನ್ನು ಬಹುಮಟ್ಟಿಗೆ ಆರಿಸಿ ಇಟ್ಟಿರುತ್ತದೆ. ಇಲಿ ಒಳಹೋದ ಗಳಿಗೆಯಿಂದ ಎಲ್ಲವನ್ನೂ ಮತ್ತೆ ಕಟ್ಟಬೇಕು. ಇದೇ ಕುಲದ ಬರ್ಮಾ ಹೆಬ್ಬಾವಿನಲ್ಲಿ ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ. ದೊಡ್ಡ ಊಟವಾದ ಎರಡು ದಿನದಲ್ಲಿ ಅದರ ಹೃದಯದ ಸ್ನಾಯು ಶೇಕಡಾ 40ರಷ್ಟು ಬೆಳೆಯುತ್ತದೆ ಎಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸಣ್ಣ ಕರುಳಿನ ತೂಕ ಸುಮಾರು ಇಮ್ಮಡಿಯಾಗುತ್ತದೆ, ಊಟ ಅರಗಿದ ಮೇಲೆ ಮತ್ತೆ ಇಳಿಯುತ್ತದೆ. ಹೊರಗೆ ಕದಲದೆ ಬಿದ್ದ ಹಾವು ಒಳಗೆ ಓಟದ ಕುದುರೆಯಷ್ಟು ದುಡಿಯುತ್ತಿರುತ್ತದೆ. ಅದಕ್ಕೇ ಊಟವಾದ ಮೇಲೆ ಎರಡು ದಿನ, ಹೊಟ್ಟೆಯ ಉಬ್ಬು ಕಣ್ಣಿಗೆ ಕಾಣುವಷ್ಟು ದಿನ, ಎತ್ತಬಾರದು. ನೆಂಟರಿಗೆ ತೋರಿಸಲಿಕ್ಕೂ ಎತ್ತಬಾರದು.

ಎಷ್ಟು ಎಂಬುದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದು ಒಂದು ಬೇರೆಯಾಗಿ ಇಟ್ಟುಕೊಳ್ಳಬೇಕು. ಮರಿಯ ತೂಕದ ಶೇಕಡಾ 10ರಿಂದ 15ರಷ್ಟು ತೂಗುವ ಇಲಿ, ಏಳು ದಿನಕ್ಕೊಮ್ಮೆ. ಗುಂಡನ 112 ಗ್ರಾಮಿಗೆ 11ರಿಂದ 17 ಗ್ರಾಮಿನದು. ತಕ್ಕಡಿ ಇಲ್ಲದಾಗ ಕಣ್ಣಳತೆಯೂ ನಡೆಯುತ್ತದೆ: ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿರಲಿ, ಅದಕ್ಕಿಂತ ತುಸುವೇ ಹೆಚ್ಚಾದರೂ ಪರವಾಗಿಲ್ಲ. ಅಂಗಡಿಯಲ್ಲಿ ಇಲಿಗಳಿಗೆ ವಯಸ್ಸಿನ ಮೇಲೆ ಹೆಸರು. ಕೂದಲಿಲ್ಲದ ಹಸುಗೂಸು ಪಿಂಕಿ, ನವಿರು ಮೂಡಿದ್ದು ಫಜ್ಜಿ, ಕಣ್ಣುಬಿಟ್ಟು ನೆಗೆಯುವ ಚಿಕ್ಕಿಲಿ ಹಾಪರ್, ತಾಯಿಹಾಲು ಬಿಟ್ಟದ್ದು ವೀನರ್. ಹೆಸರು ನಂಬಿ ಕೊಳ್ಳುವುದಕ್ಕಿಂತ ಗ್ರಾಂ ನೋಡಿ ಕೊಳ್ಳುವುದು ಲೇಸು, ಏಕೆಂದರೆ ಒಬ್ಬರ ಫಜ್ಜಿ ಇನ್ನೊಬ್ಬರ ಪಿಂಕಿಯಷ್ಟಿರುತ್ತದೆ. ಹಾವು ಬೆಳೆದಂತೆ ಇಲಿ ದೊಡ್ಡದಾಗಬೇಕು, ಆದರೆ ಪಾಲು ಇಳಿಯಬೇಕು. ಅರ್ಧ ಕಿಲೋ ದಾಟಿದ ಮೇಲೆ ಶೇಕಡಾ 7ರಷ್ಟು, ಹತ್ತು-ಹದಿನಾಲ್ಕು ದಿನಕ್ಕೊಮ್ಮೆ. ಪೂರ್ಣ ಬೆಳೆದ ಹಾವಿಗೆ ಮೂರು ನಾಲ್ಕು ವಾರಕ್ಕೊಂದು ಸಾಕು. ಬೇಗ ದೊಡ್ಡದಾಗಲಿ ಎಂದು ಮೂರು ದಿನಕ್ಕೊಮ್ಮೆ ತುರುಕುವವರಿದ್ದಾರೆ. ಅವರ ಹಾವು ಬೇಗ ಬೆಳೆಯುವುದು ನಿಜ, ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುವುದೂ ಅಷ್ಟೇ ನಿಜ. ಸರಿಯಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಬದುಕುವ ಜೀವ ಇದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ, ಅರವತ್ತು ದಾಟಿದೆಯೆಂದು ಅಂದಾಜು ಮಾಡಿದ ಒಂದು ಹೆಣ್ಣು 2020ರಲ್ಲಿ ಮೊಟ್ಟೆ ಇಟ್ಟಿತು. ಇಷ್ಟು ಆಯುಸ್ಸು ಇರುವಾಗ ಅವಸರ ಯಾಕೆ?

ನಮ್ಮದು ಮಾಂಸ ಬೇಯಿಸದ ಮನೆ. ಫ್ರೀಜರಿನಲ್ಲಿ ಇಲಿ ಇಡುವ ಮಾತು ಬಂದಾಗ ನಾನು ಎರಡು ವಾರ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಒಂದೇ ಕಾರಣಕ್ಕೆ. ಹಾವಿಗೆ ಇಡೀ ಪ್ರಾಣಿಯಲ್ಲದೆ ಬೇರೆ ಆಹಾರವೇ ಇಲ್ಲ. ಅನ್ನ, ಮೊಟ್ಟೆ, ಕೋಳಿಯ ತುಂಡು ಯಾವುದೂ ಆಗದು. ಮೂಳೆ, ಕರುಳು, ಯಕೃತ್ತು ಎಲ್ಲ ಕೂಡಿದ ಇಡೀ ಇಲಿಯಲ್ಲೇ ಅದಕ್ಕೆ ಬೇಕಾದ ಸುಣ್ಣವೂ ಜೀವಸತ್ವವೂ ಇವೆ. ನಾಗರಪಂಚಮಿಯ ಹಾಲು ನಮ್ಮ ಭಕ್ತಿಗೆ ಸೇರಿದ್ದು, ಹಾವಿನ ಹೊಟ್ಟೆಗಲ್ಲ. ಅದು ಹಾಲನ್ನು ಅರಗಿಸಿಕೊಳ್ಳಲಾರದು, ಕುಡಿಯಲು ಅದಕ್ಕೆ ನೀರು ಸಾಕು. ಇಲಿಯನ್ನು ಮುಟ್ಟಲಾರೆ ಎನ್ನುವವರು ಹಾವನ್ನು ಮನೆಗೆ ತರಬಾರದು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬೀಗವಿರುವ ಪುಟ್ಟ ಫ್ರೀಜರು ಗ್ಯಾರೇಜಿನಲ್ಲಿದೆ.

ಜೀವಂತ ಇಲಿ ಬೇಡ. ಇಲಿಗೆ ಆಗುವ ಭಯ, ನೋವು ಒಂದು ಕಾರಣ. ಇನ್ನೊಂದು, ಹಸಿವಿಲ್ಲದ ಹಾವಿನ ಪಕ್ಕದಲ್ಲಿ ರಾತ್ರಿಯಿಡೀ ಬಿಟ್ಟ ಇಲಿ ಹಾವಿನ ಬೆನ್ನನ್ನೇ ಕಡಿದು ಮೂಳೆ ಕಾಣುವಂತೆ ಮಾಡಬಲ್ಲದು. ನೋವಾಗದಂತೆ ಕೊಂದು ಹೆಪ್ಪುಗಟ್ಟಿಸಿದ ಇಲಿಗಳು ಇಲ್ಲಿನ ಸರೀಸೃಪದ ಅಂಗಡಿಗಳಲ್ಲೆಲ್ಲ ಸಿಗುತ್ತವೆ. ಕರಗಿಸುವುದು ನಿಧಾನದ ಕೆಲಸ. ಮೈಕ್ರೋವೇವಿನಲ್ಲಿಟ್ಟರೆ ಒಂದು ಕಡೆ ಬೆಂದು ಇನ್ನೊಂದು ಕಡೆ ಮಂಜಾಗಿಯೇ ಉಳಿಯುತ್ತದೆ, ಹೊಟ್ಟೆ ಸಿಡಿಯುವುದೂ ಉಂಟು. ರಾತ್ರಿ ಫ್ರಿಜ್ಜಿನಲ್ಲಿಟ್ಟು, ಕೊಡುವ ಮುನ್ನ ಕವರಿನ ಸಮೇತ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ. ಹೊಟ್ಟೆಯ ನಡುಭಾಗ ಬೆರಳಿಂದ ಒತ್ತಿದಾಗ ಮೆತ್ತಗಿರಬೇಕು, ಒಳಗೆ ಗಟ್ಟಿಯಿರಬಾರದು. ಹೊರಮೈ 38 ಡಿಗ್ರಿಯ ಹತ್ತಿರ, ಅಂದರೆ ಜೀವ ಇರುವ ಇಲಿಯಷ್ಟು ಬೆಚ್ಚಗಿರಲಿ. ಕೊಡುವ ಮುಂಚೆ ತಲೆಯನ್ನು ಇನ್ನೊಮ್ಮೆ ಬಿಸಿನೀರಿಗೆ ಅದ್ದಿ ಒರೆಸಿದರೆ ಹಾವು ತಲೆಯನ್ನೇ ಗುರಿಯಿಡುತ್ತದೆ.

ಈ ಬಿಸಿಗೆ ಯಾಕಿಷ್ಟು ಮಹತ್ವ ಎಂದರೆ, ರಾಯಲ್ ಪೈಥಾನ್ ಶಾಖವನ್ನು ‘ನೋಡುತ್ತದೆ’. ಅದರ ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಪುಟ್ಟ ಕುಳಿಗಳಿವೆ. ಕತ್ತಲೆ ಬಿಲದಲ್ಲಿ ಬಿಸಿರಕ್ತದ ಮೈ ಎಲ್ಲಿದೆ ಎಂದು ಆ ಕುಳಿಗಳು ಹೇಳುತ್ತವೆ. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 2010ರಲ್ಲಿ ಇದರ ಹಿಂದಿರುವ ಪ್ರೋಟೀನನ್ನು ಗುರುತಿಸಿತು. ನಮ್ಮಲ್ಲಿ ಸಾಸಿವೆಯ ಘಾಟನ್ನು ಅರಿಯುವ ಪ್ರೋಟೀನೇ ಹಾವಿನಲ್ಲಿ ಶಾಖದ ಕಣ್ಣಾಗಿದೆ. ಒಗ್ಗರಣೆಗೆ ಸಾಸಿವೆ ಚಟಪಟ ಎಂದಾಗಲೆಲ್ಲ ನನಗೆ ಗುಂಡ ನೆನಪಾಗುತ್ತಾನೆ. ತಣ್ಣಗಿನ ಇಲಿ ಅವನ ಪಾಲಿಗೆ ಒಂದು ಬಟ್ಟೆಯ ಚೂರು ಅಷ್ಟೆ.

ಕೊಡುವ ಹೊತ್ತು ರಾತ್ರಿ, ಕೋಣೆಯ ದೀಪ ಆರಿಸಿದ ಮೇಲೆ. ಒಂದಡಿ ಉದ್ದದ ಇಕ್ಕಳದಲ್ಲಿ ಇಲಿಯ ಬೆನ್ನಿನ ಚರ್ಮವನ್ನೋ ಬಾಲದ ಬುಡವನ್ನೋ ಹಿಡಿದು, ಗೂಡಿನ ಬಾಯಿಯ ಮುಂದೆ ನೆಲದ ಮಟ್ಟದಲ್ಲೇ, ಇಲಿ ನಡೆದು ಹೋದಂತೆ ಮೆಲ್ಲಗೆ ಸರಿಸಬೇಕು. ಮೇಲಿಂದ ಇಳಿಸಿದರೆ ಹದ್ದು ಬಂತೆಂದು ಹಾವು ಬೆದರುತ್ತದೆ. ಮೂತಿಗೆ ತಾಗಿಸಬಾರದು. ನಾಲಿಗೆ ಬೇಗಬೇಗ ಆಡತೊಡಗಿ, ಕತ್ತು ‘ಎಸ್’ ಆಕಾರಕ್ಕೆ ಬಾಗಿದರೆ ಅದು ಸಿದ್ಧವಾಗಿದೆ ಎಂದರ್ಥ. ಆಮೇಲೆ ಆಗುವುದು ಕಣ್ಣಿಗೆ ಸಿಗದಷ್ಟು ವೇಗ. ಕಚ್ಚಿ ಮೂರು ಸುತ್ತು ಹಾಕಿಕೊಂಡು ಬಿಗಿಯುತ್ತದೆ. ಆಗ ಇಕ್ಕಳ ಬಿಟ್ಟು, ಉಸಿರೂ ಕೇಳಿಸದಂತೆ ಹಿಂದೆ ಸರಿಯಬೇಕು. ಉಸಿರುಗಟ್ಟಿಸಿ ಕೊಲ್ಲುತ್ತದೆಂದು ನಾವು ಕೇಳುತ್ತ ಬಂದಿದ್ದೇವೆ. ಬೋವಾ ಹಾವುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ಬೇರೆ: ಆ ಬಿಗಿತಕ್ಕೆ ರಕ್ತದ ಹರಿವೇ ಕೆಲವು ಸೆಕೆಂಡುಗಳಲ್ಲಿ ನಿಲ್ಲುತ್ತದೆ.

ನುಂಗುವುದನ್ನು ನೋಡಿ ಮಗಳ ಗೆಳತಿಯರು ಅದರ ದವಡೆ ಕಳಚಿತು ಎಂದು ಹೆದರಿದ್ದರು. ಕಳಚುವುದಿಲ್ಲ. ಕೆಳದವಡೆಯ ಎಡ ಬಲ ಭಾಗಗಳು ಗಲ್ಲದಲ್ಲಿ ನಮ್ಮ ಹಾಗೆ ಬೆಸೆದುಕೊಂಡಿಲ್ಲ, ಹಿಗ್ಗುವ ನಾರಿನಿಂದ ಸೇರಿವೆ. ಒಂದು ಬದಿ ಹಿಡಿದುಕೊಂಡಾಗ ಇನ್ನೊಂದು ಬದಿ ಮುಂದೆ ಹೋಗುತ್ತದೆ, ಹಿಂದಕ್ಕೆ ಬಾಗಿದ ಹಲ್ಲುಗಳು ಜಾರಲು ಬಿಡುವುದಿಲ್ಲ. ಇಲಿಯ ಮೇಲೆ ಹಾವೇ ಹೆಜ್ಜೆ ಹೆಜ್ಜೆಯಾಗಿ ನಡೆದು ಹೋಗುತ್ತದೆ ಎನ್ನಬಹುದು. ಬಾಯಿ ತುಂಬಿರುವಾಗ ಶ್ವಾಸನಾಳದ ತುದಿ ಕೊಳವೆಯಂತೆ ಹೊರಚಾಚಿ ಗಾಳಿ ಎಳೆಯುತ್ತದೆ. ಕೊನೆಗೆ ಒಂದು ದೊಡ್ಡ ಆಕಳಿಕೆ. ಮೂಳೆಗಳು ತಮ್ಮ ಜಾಗಕ್ಕೆ ಬರುತ್ತವೆ. ಊಟಕ್ಕೆಂದು ಹಾವನ್ನು ಬೇರೆ ಡಬ್ಬಕ್ಕೆ ಸಾಗಿಸುವ ಹಳೆಯ ಪದ್ಧತಿ ಬೇಡ. ಹೋಗುವಾಗ ಅದು ಬೆದರುತ್ತದೆ, ಬರುವಾಗ ತುಂಬಿದ ಹೊಟ್ಟೆಯಲ್ಲಿ ಕುಲುಕಾಡುತ್ತದೆ.

ಇಷ್ಟೆಲ್ಲ ಮಾಡಿಯೂ ರಾಯಲ್ ಪೈಥಾನ್ ತಿನ್ನದಿರಬಹುದು. ಉಪವಾಸಕ್ಕೆ ಇದು ಹೆಸರಾದ ಹಾವು. ಕಣ್ಣಿಗೆ ನೀಲಿ ಮಂಜು ಕವಿದು ಮೈ ಮಂಕಾದರೆ ಪೊರೆ ಬಿಡುವ ಸಮಯ ಬಂದಿದೆ, ಆಗ ಕೊಡದಿರುವುದೇ ಸರಿ. ಹಾಗಲ್ಲವಾದರೆ ಮೊದಲು ಗೂಡಿನ ನೆಲದ ಬಿಸಿ ನೋಡಿ, ಆಮೇಲೆ ಮರೆಯ ಜಾಗ, ಆಮೇಲೆ ನಾವು ಎಷ್ಟು ಸಲ ಎತ್ತುತ್ತಿದ್ದೇವೆ ಎಂಬುದನ್ನು. ಒಮ್ಮೆ ಬೇಡವೆಂದರೆ ಮರುದಿನ ಮತ್ತೆ ಚಾಚಬೇಡಿ, ಒಂದು ವಾರ ಬಿಡಿ. ಇಕ್ಕಳಕ್ಕೆ ಅಂಜುವ ಮರಿಗೆ ಬೆಚ್ಚಗಿನ ಇಲಿಯನ್ನು ಗೂಡಿನ ಬಾಗಿಲಲ್ಲಿಟ್ಟು ರಾತ್ರಿ ಬಿಟ್ಟುಬಿಡಿ, ಬೆಳಗ್ಗೆ ಉಳಿದಿದ್ದರೆ ಎಸೆಯಿರಿ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವಂತಿಲ್ಲ. ಚಿಕ್ಕಿಲಿ (ಮೌಸ್) ತಿಂದು ರೂಢಿಯಾದ ಮರಿ ದೊಡ್ಡಿಲಿಯ (ರ‍್ಯಾಟ್) ಮರಿಯನ್ನು ಒಲ್ಲೆ ಎಂದರೆ, ಚಿಕ್ಕಿಲಿಯ ಹಾಸಿಗೆಯ ಹೊಟ್ಟಿನಲ್ಲಿ ಅದನ್ನು ಹೊರಳಿಸಿ ವಾಸನೆ ಹತ್ತಿಸುವುದುಂಟು. ಬಾಯಿ ಬಿಡಿಸಿ ತುರುಕುವ ಕೆಲಸ ಮಾತ್ರ ಮನೆಯಲ್ಲಿ ಬೇಡ. ಅನ್ನನಾಳ ಹರಿದೀತು, ಆ ನೆನಪಿನಿಂದ ಹಾವು ಇನ್ನೂ ದೂರ ಸರಿದೀತು. ತೂಕ ಶೇಕಡಾ 10ಕ್ಕಿಂತ ಹೆಚ್ಚು ಇಳಿದರೆ, ಬೆನ್ನುಮೂಳೆ ಎದ್ದು ಕಂಡರೆ, ಬಾಯಲ್ಲಿ ಲೋಳೆಯೋ ಉಸಿರಿನಲ್ಲಿ ಗೊರಗೊರವೋ ಇದ್ದರೆ ಸರೀಸೃಪ ಬಲ್ಲ ಪಶುವೈದ್ಯರೇ ನೋಡಬೇಕು. ಮೊಟ್ಟೆಯೊಡೆದ ಹೊಸ ಮರಿಗೆ ದೊಡ್ಡ ಹಾವಿನಷ್ಟು ಸಂಗ್ರಹ ಮೈಯಲ್ಲಿರುವುದಿಲ್ಲ, ಅಲ್ಲಿ ಇನ್ನೂ ಬೇಗ ಹೋಗಬೇಕು.

ನುಂಗಿದ್ದನ್ನು ಕಕ್ಕಿದರೆ ಅದು ಉಪವಾಸಕ್ಕಿಂತ ಗಂಭೀರ. ಹೊಟ್ಟೆಯ ಆಮ್ಲವೂ ಒಳ್ಳೆಯ ಸೂಕ್ಷ್ಮಜೀವಿಗಳೂ ಜೊತೆಗೆ ಹೋಗಿರುತ್ತವೆ. ಎರಡು ವಾರ ನೀರು ಬಿಟ್ಟು ಏನೂ ಕೊಡದೆ, ಆಮೇಲೆ ಮೊದಲಿನ ಅರ್ಧದಷ್ಟು ಚಿಕ್ಕ ಇಲಿ ಕೊಡಬೇಕು. ಮತ್ತೆ ಕಕ್ಕಿದರೆ ವೈದ್ಯರಲ್ಲಿಗೆ. ಇಲಿ ಮುಟ್ಟಿದ ಮೇಲೆ, ಹಾವು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ.

ನಮ್ಮ ಫೋಟೊ ನೋಡಿ ಊರಿನ ಹುಡುಗರು ನಾವೂ ಸಾಕಬಹುದಾ ಎಂದು ಕೇಳುತ್ತಾರೆ. ಅವರಿಗೆ ಹೇಳುವುದಿಷ್ಟು. ನಮ್ಮ ಕಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದರ ಮರಿ ಗದ್ದೆಯ ಬದುವಿನಲ್ಲಿ ಸಿಕ್ಕರೂ ಮನೆಗೆ ತರುವುದು ಅಪರಾಧ, ಅರಣ್ಯ ಇಲಾಖೆಗೆ ತಿಳಿಸಬೇಕು. ಆಫ್ರಿಕಾದ ರಾಯಲ್ ಪೈಥಾನ್ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯ ಜೀವಿ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ‘ಪರಿವೇಶ್ 2.0’ ತಾಣದಲ್ಲಿ ನೋಂದಾಯಿಸಲೇಬೇಕು. ಕಾಗದವಿಲ್ಲದೆ ಮಾರುವವರಿಂದ ಕೊಳ್ಳುವುದೆಂದರೆ ಕಳ್ಳಸಾಗಣೆಗೆ ದುಡ್ಡು ಕೊಟ್ಟಂತೆ.

ಹೋದ ನವೆಂಬರಿನಲ್ಲಿ ಗುಂಡ 430 ಗ್ರಾಂ ಇದ್ದ. ಚಳಿ ಬಿದ್ದೊಡನೆ ಊಟ ನಿಲ್ಲಿಸಿದ. ಬಿಸಿ ಸರಿಯಿತ್ತು, ಗೂಡು ಸರಿಯಿತ್ತು, ಅವನೂ ಲವಲವಿಕೆಯಿಂದಲೇ ಇದ್ದ. ಒಂಬತ್ತು ವಾರ ಅವನ ನೋಟ್‌ಬುಕ್ಕಿನಲ್ಲಿ ಮಗಳು ‘ಬೇಡ’ ಎಂದೇ ಬರೆದಳು. ಪಕ್ಕದಲ್ಲಿ ತೂಕ: 428, 425, 421. ಫೋನಿನಲ್ಲಿ ಅಮ್ಮ ದಿನಾ ಮರುಗಿದರು, ಆಮೇಲೆ ಅವರೂ ವಾರಕ್ಕೊಮ್ಮೆ ಕೇಳುವುದನ್ನು ಕಲಿತರು. ಜನವರಿಯ ಮೂರನೆಯ ಭಾನುವಾರ 412 ಗ್ರಾಂ. ಅಂದು ರಾತ್ರಿ ಹನ್ನೊಂದಕ್ಕೆ ಮಗಳು ಇಕ್ಕಳ ಹಿಡಿದು ಬಗ್ಗಿದಳು, ಕತ್ತಲಲ್ಲಿ ಗೂಡಿನೊಳಗಿಂದ ಮೂತಿ ಹೊರಬಂತು, ನಾಲಿಗೆ ಎರಡು ಸಲ ಆಡಿತು, ಇಕ್ಕಳ ಒಮ್ಮೆ ಜಗ್ಗಿದಂತಾಯಿತು. ನಾವಿಬ್ಬರೂ ನೆಲದ ಮೇಲೆ ಕೂತು ಬಾಲದ ತುದಿ ಮರೆಯಾಗುವವರೆಗೂ ಮಾತಾಡಲಿಲ್ಲ. ಮರುದಿನ ತೂಕ ನೋಡಬೇಕೆಂದು ಮಗಳಿಗೆ ಬಹಳ ಆಸೆಯಿತ್ತು. ಎತ್ತುವಂತಿಲ್ಲವಲ್ಲ, ಬುಧವಾರದ ತನಕ ಕಾದಳು.